ಬಂಪರ್‌ನಿಂದ ಸುಲಿದು ಬಂದ ಬಣ್ಣ

ಕಾರನ್ನು ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಾಗಿಸಿದವನು ನಾನೇ. ಹಿಂಬದಿಯ ಬಂಪರ್‌ನ ಮೂಲೆ ತಗ್ಗಿ, ಅಂಚಿನಿಂದ ಗೇಣುದ್ದದ ಬಿರುಕು ಬಿಟ್ಟಿತ್ತು. ತಗ್ಗಿದ ಜಾಗಕ್ಕೆ ಹೀಟ್ ಗನ್ನಿನ ಬಿಸಿಗಾಳಿ ಹಿಡಿದು ಒಳಗಿನಿಂದ ಒತ್ತಿದಾಗ ಅದು ಬಹುಮಟ್ಟಿಗೆ ಮೊದಲಿನ ಆಕಾರಕ್ಕೆ ಮರಳಿತು. ಬಿರುಕಿಗೆ ಮಾತ್ರ ಲೋಹಕ್ಕೆ ಬಳಸುವ ಪುಟ್ಟಿ ಮೆತ್ತಿ, ಪ್ರೈಮರ್ ಹೊಡೆದು, ಬಣ್ಣ ಹಾಕಿ ಬೀಗಿದೆ. ಮೂರನೆಯ ವಾರ ಪ್ರೆಷರ್ ವಾಷರ್‌ನ ನೀರು ಬಿದ್ದದ್ದೇ ತಡ, ಅಂಗೈ ಅಗಲದ ಬಣ್ಣ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು.

ಬಂಪರ್ ಬಿಚ್ಚಿ ಒಳಮೈ ನೋಡಿದಾಗ ಕಾರಣ ಅಲ್ಲಿಯೇ ಅಚ್ಚಾಗಿತ್ತು: ಪಿಪಿ+ಇಪಿಡಿಎಂ, ಅಂದರೆ ರಬ್ಬರು ಬೆರೆಸಿದ ಪಾಲಿಪ್ರೊಪಿಲೀನ್. ಮೇಣದಂಥ ಮೈಯ ಈ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟಾಗಲಿ ಬಣ್ಣವಾಗಲಿ ಗಟ್ಟಿಯಾಗಿ ಹಿಡಿಯುವುದಿಲ್ಲ.

ಎರಡನೆಯ ಸಲ ಬಿರುಕಿನ ತುದಿಗೆ ಸಣ್ಣ ರಂಧ್ರ ಕೊರೆದು ಅದು ಮುಂದೆ ಓಡದಂತೆ ತಡೆದೆ. ಹಿಂಬದಿಯಲ್ಲಿ ಬಿರುಕಿನುದ್ದಕ್ಕೂ ಸಣ್ಣ ಕಾಲುವೆಯಂತೆ ತೋಡಿ, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಕರಗಿಸಿ ಬೆಸೆದೆ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಶಾಖ ಅತಿಯಾದರೆ ಹೊಗೆಯೆದ್ದು ಬೆಸುಗೆ ಪೆಡಸಾಗುತ್ತದೆ. ಉಜ್ಜುವ ಮೊದಲೇ ಸೋಪಿನ ನೀರಿನಿಂದ ತೊಳೆದು ಜಿಡ್ಡು ತೆಗೆಯಬೇಕು, ಇಲ್ಲವಾದರೆ ಪಾಲಿಷ್‌ನ ಮೇಣವನ್ನು ನಾವೇ ಗೀರುಗಳೊಳಗೆ ತುಂಬಿದಂತಾಗುತ್ತದೆ. ಬರಿಯ ಪ್ಲಾಸ್ಟಿಕ್ಕನ್ನು ಉಜ್ಜಿದಾಗ ಪುಡಿ ಉದುರುವ ಬದಲು ಹತ್ತಿಯ ಎಳೆಯಂಥ ರೋಮ ಏಳುತ್ತದೆ. ಒತ್ತಡ ಕಡಿಮೆ ಮಾಡಿ, ನಯವಾದ ಉಜ್ಜುಕಾಗದಕ್ಕೆ ಇಳಿದರಷ್ಟೇ ಅದು ಹೋಗುತ್ತದೆ. ಆ ಮೇಲೆ ಬಾಗುವ ಗುಣದ ಪುಟ್ಟಿ, ಕಾಣುವ ಬರಿಯ ಪ್ಲಾಸ್ಟಿಕ್ಕಿಗೆಲ್ಲ ಬಣ್ಣ ಹಿಡಿದುಕೊಳ್ಳುವಂತೆ ಮಾಡುವ ಅಡ್ಹೀಷನ್ ಪ್ರಮೋಟರ್ ಎಂಬ ದ್ರವದ ತೆಳುವಾದ ಪದರ, ಅದರ ಮೇಲೆ ಪ್ರೈಮರ್. ಮೊದಲ ಸಲ ನಾನು ಬಿಟ್ಟಿದ್ದು ಪ್ರಮೋಟರಿನ ಈ ನೀರಿನಂಥ ಪದರವನ್ನೇ.

ಬಾಗಿಲ ಕಂಬದ ಫಲಕದಲ್ಲಿದ್ದ ಕೋಡ್ ಕೊಟ್ಟು ಬೆಳ್ಳಿ ಬಣ್ಣ ತರಿಸಿದ್ದೆ. ಆದರೆ ಮೆಟಾಲಿಕ್ ಬಣ್ಣವನ್ನು ಒದ್ದೆಯಾಗಿ ಹೊಡೆದರೆ ಅಲ್ಯೂಮಿನಿಯಂ ಕಣಗಳು ಅಡ್ಡಾದಿಡ್ಡಿಯಾಗಿ ಮುಳುಗಿ, ಅದೇ ಡಬ್ಬಿಯ ಬಣ್ಣವೇ ಕಪ್ಪಾಗಿ ಕಾಣುತ್ತದೆ. ಆದ್ದರಿಂದ ತೆಳುವಾಗಿ, ಪ್ರತಿ ಪದರದ ಹೊಳಪು ಆರುವವರೆಗೆ ಕಾದು, ಅಂಚನ್ನು ಹಳೆಯ ಬಣ್ಣದೊಳಕ್ಕೆ ಮಸುಕುಗೊಳಿಸುತ್ತ ಹೊಡೆದೆ. ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್ ಮಾತ್ರ ಇಡೀ ಬಂಪರ್‌ಗೆ ಬೇಕು, ಏಕೆಂದರೆ ಅದನ್ನು ನಡುವೆ ನಿಲ್ಲಿಸಿದರೆ ಗೆರೆ ಕಾಣುತ್ತದೆ. ಹಾರ್ಡನರ್ ಬೆರೆಸುವ ಕ್ಲಿಯರ್‌ನಲ್ಲಿ ಉಸಿರಾಟಕ್ಕೆ ಹಾನಿ ಮಾಡುವ ಐಸೊಸೈನೇಟ್ ಎಂಬ ರಾಸಾಯನಿಕ ಇರುವುದರಿಂದ, ಧೂಳು ತಡೆಯುವ ಸಾಮಾನ್ಯ ಮಾಸ್ಕ್ ನೆಚ್ಚಿ ಅದನ್ನು ಮುಚ್ಚಿದ ಕೋಣೆಯಲ್ಲಿ ಹೊಡೆಯುವುದು ನನ್ನ ಮಟ್ಟಿಗೆ ಹುಚ್ಚು ಸಾಹಸ. ಆ ಕೊನೆಯ ಪದರವನ್ನು ಗ್ಯಾರೇಜಿನವರ ಬೂತ್‌ನಲ್ಲಿಯೇ ಮಾಡಿಸಿದೆ.

ಸಂಜೆಯ ಓರೆ ಬಿಸಿಲಿನಲ್ಲಿ ಆ ಮೂಲೆ ಈಗಲೂ ಕೂದಲೆಳೆಯಷ್ಟು ಕಪ್ಪಾಗಿ ಕಾಣುತ್ತದೆ. ಪ್ರೆಷರ್ ವಾಷರ್ ಹಿಡಿದಾಗ ಮಾತ್ರ ನಾನೇ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.