ನಾಲಿಗೆ ಹೊರಗೆ ಹಾಕಿದ ಹುಡುಗಿ

ಮಂಗಳವಾರ ರಾತ್ರಿಯಿಂದ ಒಂದೇ ವಿಡಿಯೊ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಅದೂ ಪೂರ್ತಿ ಅಲ್ಲ. ಕೊನೆಯ ಆರೇಳು ಸೆಕೆಂಡು ಅಷ್ಟೇ.

ಫಿಗರ್ ಸ್ಕೇಟಿಂಗ್‌ದು, ಐಸ್ ಮೇಲೆ ಸಂಗೀತಕ್ಕೆ ಜಾರುತ್ತಾ ಹಾರುತ್ತಾ ಕುಣಿಯುವ ಆಟ. ಜೂನಿಯರ್ ಹುಡುಗಿಯರ ಫ್ರೀ ಸ್ಕೇಟ್, ಅಂದರೆ ಎರಡನೆಯ, ಉದ್ದನೆಯ ಸುತ್ತು. ಹುಡುಗಿಗೆ 14 ಇರಬಹುದು. ಹೆಸರು ಬೇಡ ಬಿಡಿ, ಪಾಪ, ಮಗು. ಕಪ್ಪು ಉಡುಪು, ಬಿಗಿದು ಕಟ್ಟಿದ ತುರುಬು, ಕಣ್ಣಿನ ಸುತ್ತ ದಟ್ಟ ಕಪ್ಪು, ತುಟಿಗೆ ಗಾಢ ಕೆಂಪು. ಪಿಟೀಲು ಅಳುತ್ತದೆ, ಇವಳೂ ಅಳುವ ಮುಖ ಮಾಡುತ್ತಾಳೆ. ಕೊನೆಗೆ ಮಂಡಿಯೂರಿ, ಒಂದು ಕೈ ಮೇಲೆತ್ತಿ, ಕತ್ತು ಹಿಂದಕ್ಕೆ ಚೆಲ್ಲಿ, ಬದುಕಿನಲ್ಲಿ ಎಲ್ಲ ಕಳೆದುಕೊಂಡ ಹೆಂಗಸಿನ ಹಾಗೆ ಕೂರುತ್ತಾಳೆ. ಸಂಗೀತ ನಿಲ್ಲುತ್ತದೆ. ಒಂದು ಸೆಕೆಂಡು ಆ ಮುಖ ಹಾಗೇ ಇರುತ್ತದೆ. ಆಮೇಲೆ ಕೋಚ್ ನಿಂತ ಕಡೆ ತಿರುಗಿ ನಾಲಿಗೆ ಹೊರಗೆ ಹಾಕುತ್ತಾಳೆ.

ನಡುವೆ ಒಂದು ಜಂಪ್ ಕೈಕೊಟ್ಟಿತ್ತು. ಅದಕ್ಕೆ. ಲೋಟ ಕೆಡವಿದ ಮಕ್ಕಳು ಹಾಕುತ್ತಾರಲ್ಲ, ಅದೇ ನಾಲಿಗೆ. ತಮಾಷೆ ಏನೆಂದರೆ, ಸರಿಯಾಗಿ ಅದೇ ಹೊತ್ತಿಗೆ ಕಾಮೆಂಟೇಟರ್ ಹೇಳುತ್ತಿದ್ದರು: ಈ ವಯಸ್ಸಿಗೇ ಎಂಥ ಪ್ರಬುದ್ಧತೆ!

ನಾನು ನಕ್ಕೆ. ಅಕ್ಕನಿಗೆ ವಿಡಿಯೊ ಕಳಿಸಿದೆ. ಜೊತೆಗೆ ಒಂದು ಮಾತನ್ನೂ ಸೇರಿಸಿದೆ, ಅದೇ ತಪ್ಪಾಯಿತು. "ಚೆನ್ನಾಗಿದ್ದಾಳೆ. ಆದರೆ ಇನ್ನೂ ಬಲಿತಿಲ್ಲ. ಮಿಷೆಲ್ ಥರ ಆಗೋಕೆ ಐದಾರು ವರ್ಷ ಬೇಕು."

ಹತ್ತು ನಿಮಿಷ ಬಿಟ್ಟು ಅಕ್ಕ ಫೋನ್ ಮಾಡಿದಳು. ಹಲೋ ಇಲ್ಲ, ಏನಿಲ್ಲ.

"ನಿನ್ನ ಮಿಷೆಲ್‌ಗೆ ಕಣ್ಣಿಗೆ ಕಪ್ಪು ಬಳಿದಾಗ ಎಷ್ಟು ವಯಸ್ಸೇ?"

ನನಗೆ ಉತ್ತರ ಗೊತ್ತಿತ್ತು. ಗೊತ್ತಿದ್ದರಿಂದಲೇ ಸುಮ್ಮನಾದೆ.

ಈ ಜಗಳ ಮೊನ್ನೆಯದಲ್ಲ. 1998ರ ನಾಗಾನೊ ಒಲಿಂಪಿಕ್ಸ್‌ದು. ಇಬ್ಬರೂ ಅಮೆರಿಕದ ಸ್ಕೇಟರ್‌ಗಳು, ತಾರಾ ಲಿಪಿನ್ಸ್ಕಿಗೆ 15, ಮಿಷೆಲ್ ಕ್ವಾನ್‌ಗೆ 17. ಮೊದಲ ಸುತ್ತಾದ ಷಾರ್ಟ್ ಪ್ರೋಗ್ರಾಂ ಮುಗಿದಾಗ ಮಿಷೆಲ್ ಮುಂದಿದ್ದಳು. ಫ್ರೀ ಸ್ಕೇಟ್‌ನಲ್ಲಿ ಒಂಬತ್ತು ತೀರ್ಪುಗಾರರ ಪೈಕಿ ಆರು ಜನ ತಾರಾಳನ್ನು ಮೇಲಿಟ್ಟರು. ಚಿನ್ನ ಅವಳಿಗೆ ಹೋಯಿತು. ಅಂದಿನಿಂದ ನಾನು ಮಿಷೆಲ್ ಪಕ್ಷ, ಅಕ್ಕ ತಾರಾ ಪಕ್ಷ. ಮಿಷೆಲ್‌ದು ಕಲೆ, ತಾರಾದು ಬರೀ ಕುಪ್ಪಳಿಕೆ ಅಂತ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅಕ್ಕನೂ ನಾನೂ ಒಂದು ದಿನ ಐಸ್ ಮೇಲೆ ನಿಂತವರಲ್ಲ. ತೀರ್ಪು ಕೊಡುವುದರಲ್ಲಿ ಮಾತ್ರ ಇಬ್ಬರೂ ಎತ್ತಿದ ಕೈ.

ನಾನು ಸುಮ್ಮನಾದದ್ದು ಯಾಕೆಂದರೆ, ಉತ್ತರ 15. ತಾರಾ ಗೆದ್ದಾಗ ಇದ್ದದ್ದೂ ಅಷ್ಟೇ.

1995ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಿಷೆಲ್ ನಾಲ್ಕನೆಯವಳಾಗಿದ್ದಳು. ಚೆನ್ನಾಗಿಯೇ ಸ್ಕೇಟ್ ಮಾಡಿದ್ದಳು. ಪೋನಿಟೇಲ್ ಕಟ್ಟಿಕೊಂಡ ಮಗುವಿನ ಹಾಗೆ ಕಾಣುತ್ತಾಳೆ, ಅದೇ ಕೊರತೆ ಅಂತ ಅವಳ ಕಡೆಯವರಿಗೆ ಅನ್ನಿಸಿತು. ಮುಂದಿನ ಸೀಸನ್‌ಗೆ ಕೋಚ್ ಫ್ರ್ಯಾಂಕ್ ಕ್ಯಾರೊಲ್, ಕೊರಿಯೋಗ್ರಾಫರ್ ಲೋರಿ ನಿಕಲ್ ಸೇರಿ ಅವಳನ್ನು ಬೈಬಲ್ ಕಥೆಯ ಸಲೋಮೆ ಮಾಡಿದರು. ಕುಣಿದು ರಾಜನನ್ನು ಮರುಳು ಮಾಡಿ, ತಟ್ಟೆಯಲ್ಲಿ ಒಬ್ಬನ ತಲೆ ಕೇಳಿದವಳು. ತುರುಬು ಬಂತು, ಮೇಕಪ್ ಬಂತು. 1996ರಲ್ಲಿ ಎಡ್ಮಂಟನ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟವೂ ಬಂತು.

ತುರುಬು ಕಟ್ಟಿದ್ದಕ್ಕೇ ಗೆದ್ದಳು ಅಂದರೆ ಅನ್ಯಾಯವಾಗುತ್ತದೆ. ಆ ವರ್ಷ ಅವಳ ಸ್ಕೇಟಿಂಗ್ ನಿಜವಾಗಿಯೂ ಬೆಳೆದಿತ್ತು. ಆದರೆ ನೋಡಿದವರು ಮೆಚ್ಚಿದ್ದು ಯಾವುದನ್ನು? ಬೆಳೆದ ಕಾಲನ್ನೋ, ಬಳಿದ ಕಣ್ಣನ್ನೋ? ನಾನು ಮೆಚ್ಚಿದ್ದು ಯಾವುದನ್ನು? ಅಕ್ಕನ ಪ್ರಶ್ನೆ ಫೋನ್ ಇಟ್ಟ ಮೇಲೂ ಕಿವಿಯಲ್ಲೇ ಇತ್ತು. ರಾತ್ರಿ ಮಲಗಿದರೆ ಇತ್ತು. ಬೆಳಗ್ಗೆ ಹಲ್ಲುಜ್ಜುವಾಗಲೂ ಇತ್ತು. ಎಷ್ಟು ವಯಸ್ಸೇ?

ಸರಿ, ತೀರ್ಪುಗಾರರಿಗೆ ಏನು ಹೇಳಿಕೊಟ್ಟಿದ್ದಾರೆ? ಅವರ ಹಾಳೆಯಲ್ಲಿ ಪ್ರಬುದ್ಧತೆ ಅನ್ನುವ ಕಾಲಂ ಇಲ್ಲ. ಜಂಪ್, ಸ್ಪಿನ್‌ಗಳ ಅಂಕ ಒಂದು ಕಡೆ. ಇನ್ನೊಂದು ಕಡೆ ಒಟ್ಟು ಪ್ರದರ್ಶನಕ್ಕೆ ಕೊಡುವ ಕಾಂಪೊನೆಂಟ್ ಅಂಕ. ಮೊದಲು ಅದರಲ್ಲಿ ಐದು ಭಾಗ ಇದ್ದವು, 2022-23ರ ಸೀಸನ್‌ನಿಂದ ಮೂರು: ಕಾಂಪೊಸಿಷನ್, ಪ್ರೆಸೆಂಟೇಷನ್, ಸ್ಕೇಟಿಂಗ್ ಸ್ಕಿಲ್ಸ್. ಒಂದೊಂದಕ್ಕೂ ಹತ್ತರವರೆಗೆ, ಕಾಲು ಕಾಲು ಅಂಕದ ಹೆಜ್ಜೆಯಲ್ಲಿ. ಎಲ್ಲರಿಗಿಂತ ಜಾಸ್ತಿ ಕೊಟ್ಟವರದ್ದನ್ನೂ ಎಲ್ಲರಿಗಿಂತ ಕಡಿಮೆ ಕೊಟ್ಟವರದ್ದನ್ನೂ ಬಿಟ್ಟು ಉಳಿದವರದ್ದಕ್ಕೆ ಸರಾಸರಿ ತೆಗೆಯುತ್ತಾರೆ. ವಯಸ್ಸಿನ ಮಾತೇ ಇಲ್ಲ. ಆದರೂ ಪ್ರೋಗ್ರಾಂ ಶುರುವಾಗುವ ಮುಂಚೆಯೇ ಉಡುಪು ಮಾತಾಡಿರುತ್ತದೆ. ಕಪ್ಪು ಬಟ್ಟೆ, ದುಃಖದ ಪಿಟೀಲು ಅಂದರೆ ಗಂಭೀರ ಕಲೆ. ಗುಲಾಬಿ ಬಟ್ಟೆ, ಕುಣಿಯುವ ಹಾಡು ಅಂದರೆ ಮಕ್ಕಳಾಟ. ನಮ್ಮ ಮನಸ್ಸಿನ ಕಾಲಂಗಳು ಇವು.

2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಇದೇ ನಾಟಕ ಇನ್ನೊಮ್ಮೆ ಆಯಿತು. ರಷ್ಯಾದ ಅಲಿನಾ ಜಾಗಿತೋವಾಗೆ 15, ಅಲ್ಲಿಯವಳೇ ಎವ್ಗೇನಿಯಾ ಮೆಡ್ವೆಡೇವಾಗೆ 18. ಇಬ್ಬರಿಗೂ ಕೋಚ್ ಒಬ್ಬರೇ. ಫ್ರೀ ಸ್ಕೇಟ್‌ನಲ್ಲಿ ಇಬ್ಬರಿಗೂ ಬಂದದ್ದು 156.65. ಹೌದು, ಒಂದು ಚೂರೂ ಹೆಚ್ಚುಕಡಿಮೆ ಇಲ್ಲ. ದೊಡ್ಡವಳಿಗೆ ಕಾಂಪೊನೆಂಟ್ ಜಾಸ್ತಿ, ಚಿಕ್ಕವಳಿಗೆ ಜಂಪ್ ಜಾಸ್ತಿ. ಷಾರ್ಟ್ ಪ್ರೋಗ್ರಾಂನ 1.31 ಅಂಕದ ಅಂತರ ಚಿನ್ನವನ್ನು ಅಲಿನಾ ಕೈಗೆ ಕೊಟ್ಟಿತು. ಅವಳು ಫ್ರೀ ಸ್ಕೇಟ್‌ನ ಏಳೂ ಜಂಪ್ ಸರದಿಗಳನ್ನು ಎರಡನೇ ಅರ್ಧಕ್ಕೆ ಇಟ್ಟಿದ್ದಳು, ಅಲ್ಲಿ 10 ಶೇಕಡಾ ಬೋನಸ್ ಸಿಗುತ್ತದೆ ಅಂತ. ಮೊದಲ ಅರ್ಧವೆಲ್ಲ ಬರೀ ಕೈಬೀಸುವುದು, ಇದು ಕಲೆಯಲ್ಲ ಲೆಕ್ಕಾಚಾರ ಅಂತ ನಾನು ಕೂಗಾಡಿದ್ದೆ. ಆಮೇಲೆ ನಿಯಮ ಬದಲಾಯಿತು, ಫ್ರೀ ಸ್ಕೇಟ್‌ನ ಕೊನೆಯ ಮೂರು ಜಂಪ್‌ಗಳಿಗಷ್ಟೇ ಬೋನಸ್. ಅಲಿನಾ ಮೇಲೆ ಮಾತ್ರ ನನ್ನ ಸಿಟ್ಟು ಇಳಿಯಲಿಲ್ಲ. ಈಗ ಅನ್ನಿಸುತ್ತದೆ, ಲೆಕ್ಕ ಹಾಕಿದ ದೊಡ್ಡವರನ್ನು ಬಿಟ್ಟು, ಸುಸ್ತಾದ ಕಾಲಿನಲ್ಲಿ ಏಳನ್ನೂ ಹಾರಿದ ಹುಡುಗಿಯನ್ನು ಬೈದೆನಲ್ಲ.

ಚಿಕ್ಕವರು ಯಾಕೆ ಗೆಲ್ಲುತ್ತಾರೆ ಅನ್ನುವುದರಲ್ಲಿ ಗುಟ್ಟೇನಿಲ್ಲ. ಮೈ ಹಗುರ, ಸೊಂಟ ಕಿರಿದು ಇದ್ದರೆ ಗಾಳಿಯಲ್ಲಿ ಬೇಗ ತಿರುಗಬಹುದು. ಎತ್ತರ ಬೆಳೆದು ಮೈ ತುಂಬಿಕೊಂಡ ವರ್ಷ ಅದೇ ಜಂಪ್ ಕೈಗೆ ಸಿಗುವುದಿಲ್ಲ. ಅಂದರೆ ನಾವು ಆ ಹುಡುಗಿಗೆ ಹೇಳುತ್ತಿರುವುದು ಇಷ್ಟು: ಮೈ ಮಗುವಿನದ್ದೇ ಇರಲಿ, ಮುಖ ಮಾತ್ರ ಹೆಂಗಸಿನದಾಗಲಿ. ಹೆಂಗಸಾದ ಮೇಲೆ, ಪಾಪ, ಇವಳ ಕಾಲ ಮುಗಿಯಿತು. ಅತ್ತ ಹೋದರೂ ಏಟು, ಇತ್ತ ಬಂದರೂ ಏಟು.

2022ರ ಬೀಜಿಂಗ್ ಒಲಿಂಪಿಕ್ಸ್ ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತದೆ. ರಷ್ಯಾದ ಕಮಿಲಾ ವಲಿಯೇವಾ, 15 ವರ್ಷ. ಆ ಸೀಸನ್ ಪೂರ್ತಿ ಅವಳ ತೋಳು, ಅವಳ ಬೆನ್ನು, ಬೊಲೆರೊ ಸಂಗೀತಕ್ಕೆ ಅವಳು ಮಾಡಿದ ಸ್ಕೇಟಿಂಗ್ ಅಂತ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಇಂಥ ಪ್ರಬುದ್ಧ ಕಲಾವಿದೆ ಇನ್ನಿಲ್ಲ ಅಂತ. ನಾನೂ ಹೇಳಿದ್ದೆ. ನಡುವೆ ಡೋಪಿಂಗ್ ಸುದ್ದಿ ಬಂತು. ಫ್ರೀ ಸ್ಕೇಟ್‌ನಲ್ಲಿ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಅಳುತ್ತಾ ಐಸ್‌ನಿಂದ ಹೊರಬಂದವಳಿಗೆ ಕೋಚ್ ಕೇಳಿದ್ದು, ಯಾಕೆ ಕೈಬಿಟ್ಟೆ, ಯಾಕೆ ಹೋರಾಡೋದು ನಿಲ್ಲಿಸಿದೆ ಅಂತ. ಕ್ಯಾಮೆರಾ ಮುಂದೆ. ಆ ನಾಲ್ಕು ನಿಮಿಷ ಅವಳು ಯಾರ ಕಣ್ಣಿಗೂ ಪ್ರಬುದ್ಧ ಕಲಾವಿದೆ ಆಗಿರಲಿಲ್ಲ, 15 ವರ್ಷದ ಮಗು ಆಗಿದ್ದಳು. ಅದಕ್ಕೂ ಮೊದಲು ಅಷ್ಟೂ ದಿನ ಏನಾಗಿದ್ದಳು ಹಾಗಾದರೆ?

ಅದೇ ವರ್ಷ ಜೂನ್‌ನಲ್ಲಿ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಸೀನಿಯರ್ ಸ್ಪರ್ಧೆಗೆ ಬೇಕಾದ ಕನಿಷ್ಠ ವಯಸ್ಸನ್ನು ಹಂತ ಹಂತವಾಗಿ 15ರಿಂದ 17ಕ್ಕೆ ಏರಿಸಿತು. 100 ಮತ ಪರ, 16 ವಿರೋಧ. ಒಳ್ಳೆಯದೇ ಆಯಿತು ಅಂತ ಅಕ್ಕನಿಗೆ ಹೇಳಿದ್ದೆ. ಅಕ್ಕ ಗೊಣಗಿದಳು, "ಹುಟ್ಟಿದ ತಾರೀಕು ನೋಡಿ ಕಲೆ ಅಳೀತಾರಾ?" ಅವಳ ತಲೆಯಲ್ಲಿ ಇದ್ದದ್ದು ಜಪಾನಿನ ಮಾವೊ ಅಸಾದಾ. 2005ರಲ್ಲಿ 15ರ ಹುಡುಗಿ ಗ್ರ್ಯಾಂಡ್ ಪ್ರಿ ಫೈನಲ್ ಗೆದ್ದಳು, ಆದರೆ ಆ ವರ್ಷದ ಜುಲೈ 1ಕ್ಕೆ ಮೊದಲೇ 15 ತುಂಬಿರಬೇಕಿತ್ತು, 87 ದಿನ ತಡವಾಗಿ ಹುಟ್ಟಿದ್ದಕ್ಕೆ 2006ರ ಒಲಿಂಪಿಕ್ಸ್‌ಗೆ ಹೋಗುವ ಹಾಗಿರಲಿಲ್ಲ. ನಿಯಮ ಅಂದ ಮೇಲೆ ಎಲ್ಲಾದರೂ ಗೆರೆ ಎಳೆಯಲೇಬೇಕು, ಅಲ್ವಾ? ನನ್ನ ಪ್ರಕಾರ ಆ ಗೆರೆ ಮೊಣಕಾಲು, ಬೆನ್ನುಮೂಳೆ ಕಾಪಾಡುವುದಕ್ಕೆ. ಕಲೆ ಬೆಳೆಸುವುದಕ್ಕೆ ಅಂತ ಹೇಳಿದರೆ ಮಾತ್ರ ನನಗೂ ನಗು ಬರುತ್ತದೆ. 17ನೇ ಹುಟ್ಟುಹಬ್ಬದ ಬೆಳಗ್ಗೆ ಎದ್ದು ಯಾರೂ ಪಿಟೀಲನ್ನು ಬೇರೆ ಥರ ಕೇಳಿಸಿಕೊಳ್ಳುವುದಿಲ್ಲ.

ಹಾಗಂತ ವಯಸ್ಸಿನಿಂದ ಏನೂ ಬರುವುದಿಲ್ಲವೇ? ಬರುತ್ತದೆ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಇಟಲಿಯ 27ರ ಕರೊಲಿನಾ ಕೋಸ್ಟ್ನರ್ ಕಂಚು ಗೆದ್ದ ಸ್ಕೇಟಿಂಗ್ ನೋಡಿ. ತಳ್ಳಿದ್ದೇ ಕಾಣುವುದಿಲ್ಲ, ವೇಗ ಮಾತ್ರ ಏರುತ್ತದೆ. ಮೊಣಕಾಲು ಮೆತ್ತಗೆ ಬಾಗುತ್ತದೆ, ಬ್ಲೇಡಿನ ಅಂಚು ಐಸಿಗೆ ಆಳವಾಗಿ ಒರಗುತ್ತದೆ, ಒಂದು ವಕ್ರ ಮುಗಿಯುವವರೆಗೆ ಅವಸರವೇ ಇಲ್ಲ. ಸಾವಿರಾರು ಗಂಟೆ ಬೇಕು ಅದಕ್ಕೆ. ಇದನ್ನು ಯಾವ ಕೊರಿಯೋಗ್ರಾಫರೂ ಮುಖಕ್ಕೆ ಹಚ್ಚಿಕೊಡುವುದಕ್ಕೆ ಆಗುವುದಿಲ್ಲ.

ಆಲಿಸಾ ಲಿಯೂ ಕೂಡ ಇದ್ದಾಳೆ. 2019ರಲ್ಲಿ 13 ವರ್ಷಕ್ಕೇ ಅಮೆರಿಕದ ಚಾಂಪಿಯನ್, ಅಲ್ಲಿಯವರೆಗೆ ಅಷ್ಟು ಚಿಕ್ಕವಳು ಯಾರೂ ಆಗಿರಲಿಲ್ಲ. 16ಕ್ಕೆ ಸಾಕು ಅಂತ ಬಿಟ್ಟುಹೋದಳು. ಎರಡು ವರ್ಷ ಬಿಟ್ಟು ವಾಪಸ್ ಬಂದು, 2025ರಲ್ಲಿ ಬೋಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದಳು. ಡಿಸ್ಕೊ ಹಾಡಿಗೆ, ಬಾಯಿ ತುಂಬ ನಗುತ್ತಾ. ಅವಳ ಫ್ರೀ ಸ್ಕೇಟ್ ನೋಡಿ ಎಂಥ ಪ್ರಬುದ್ಧತೆ ಅಂತ ನನಗೆ ಅನ್ನಿಸಿತು. ಗಮನಿಸಿ, ಅವಳು ನಗುತ್ತಿರುವುದನ್ನು ನೋಡಿಯೇ ಹಾಗನ್ನಿಸಿದ್ದು. ಇದೇ ನಗುವನ್ನು ತಾರಾ ನಕ್ಕಾಗ ನಾನು ಹುಡುಗಾಟ ಅಂದಿದ್ದೆ.

ಗುರುವಾರ ಧೈರ್ಯ ಮಾಡಿ ನಾಗಾನೊದ ಫ್ರೀ ಸ್ಕೇಟ್ ಹಾಕಿದೆ. ತಾರಾದು. ಪೂರ್ತಿ ನೋಡಿ ಎಷ್ಟೋ ವರ್ಷ ಆಗಿತ್ತು. ಟ್ರಿಪಲ್ ಲೂಪ್ ಮೇಲೆ ಟ್ರಿಪಲ್ ಲೂಪ್ ಹಾರಿ ಇಳಿದಾಗ ಅವಳ ಮುಖ ನೋಡಬೇಕು. ಮಿಂಚು ಹೊಡೆದ ಹಾಗೆ ಬೆಳಗುತ್ತದೆ. ಕೊನೆಗೆ ಕಿರುಚುತ್ತಾ ಓಡುತ್ತಾಳೆ, ಸ್ಕೇಟ್ ಹಾಕಿಕೊಂಡು ಐಸ್ ಮೇಲೆ ಓಡುವುದು ಅಂದರೆ ಏನು ಅಂತ ಯೋಚಿಸಿ. ಆ ಖುಷಿ ಯಾರೂ ಹೇಳಿಕೊಟ್ಟದ್ದಲ್ಲ. ಈಗಲೂ ಮಿಷೆಲ್‌ದೇ ನನಗೆ ಹೆಚ್ಚು ಇಷ್ಟ. ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ಕುಪ್ಪಳಿಕೆ ಅನ್ನುವ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಅಕ್ಕನಿಗೆ ಇನ್ನೂ ಹೇಳಿಲ್ಲ, ಹೇಳಿದರೆ ವರ್ಷಗಟ್ಟಲೆ ಆಡಿಕೊಳ್ಳುತ್ತಾಳೆ.

ಆಮೇಲೆ ಮತ್ತೆ ನಮ್ಮ ನಾಲಿಗೆ ಹುಡುಗಿಯ ವಿಡಿಯೊ ಹಾಕಿದೆ, ಈ ಸಲ ಮೊದಲಿನಿಂದ. ಸೌಂಡ್ ತೆಗೆದೆ. ಮುಖ ಕಾಣದ ಹಾಗೆ ಫೋನಿನ ಮೇಲ್ಭಾಗಕ್ಕೆ ಬೆರಳು ಅಡ್ಡ ಇಟ್ಟೆ. ಕಾಲು ಮಾತ್ರ ನೋಡಿದೆ.

ಹೆಚ್ಚಿನ ಕಡೆ ಅವಸರವೇ. ಜಂಪ್ ಬರುತ್ತಿದೆ ಅಂತ ಕಾಲಿಗೆ ಮುಂಚೆಯೇ ಗೊತ್ತಾಗಿ ಬಿಗಿದುಕೊಳ್ಳುತ್ತದೆ. ಕಲಿಯಬೇಕಾದ್ದು ಇದೆ, ನಿಜ. ಆದರೆ ಕೊನೆಯ ಸ್ಪಿನ್‌ಗೆ ಹೋಗುವ ಮುಂಚೆ ಒಂದು ಜಾಗ ಇದೆ. ಒಂದೇ ಕಾಲಿನ ಮೇಲೆ, ಹೊರ ಅಂಚಿನಲ್ಲಿ, ದೊಡ್ಡ ವಕ್ರ. ಜಂಪ್ ಇಲ್ಲ, ತಿರುವು ಇಲ್ಲ, ಏನೂ ಇಲ್ಲ. ಸ್ಪಿನ್ ಶುರುಮಾಡಲು ಅಷ್ಟು ಉದ್ದ ಬೇಕಾಗಿಯೂ ಇರಲಿಲ್ಲ. ಅವಳು ಹೋಗುತ್ತಲೇ ಇರುತ್ತಾಳೆ. ಸೌಂಡ್ ಹಾಕಿ ನೋಡಿದೆ. ಅಲ್ಲಿ ಪಿಟೀಲು ಒಂದೇ ಸ್ವರವನ್ನು ಹಿಡಿದು ನಿಲ್ಲಿಸಿರುತ್ತದೆ. ಆ ಸ್ವರ ಬಿಡುವವರೆಗೆ ಇವಳೂ ಕಾಲು ಬಿಡುವುದಿಲ್ಲ.

ಮೈ ಜುಮ್ಮೆಂದಿತು. ಮಂಗಳವಾರದಿಂದ ನೋಡುತ್ತಿದ್ದೇನೆ, ಈ ಮೂರು ಸೆಕೆಂಡು ಕಣ್ಣಿಗೇ ಬಿದ್ದಿರಲಿಲ್ಲ. ಅಷ್ಟನ್ನೇ ಕತ್ತರಿಸಿ ಅಕ್ಕನಿಗೆ ಕಳಿಸಿದೆ. "ಕಾಲು ನೋಡು. ಇದು ಯಾರೂ ಹೇಳಿಕೊಟ್ಟದ್ದಲ್ಲ."

ಅಕ್ಕ ನೋಡಿದಳು ಅಂತ ತೋರಿಸಿತು. ತುಂಬ ಹೊತ್ತು ಏನೂ ಬರಲಿಲ್ಲ. ಸೋತಳು ಅಂದುಕೊಂಡೆ. ಆಮೇಲೆ ಬಂತು:

"ನೋಡಿದೆ, ನಾಲ್ಕು ಸಲ. ಕೈ ಬೀಸೋ ನೆಪದಲ್ಲಿ ಮೂಗು ಒರೆಸಿಕೊಂಡಳು, ಅದು ನೋಡಿದ್ಯಾ?"

ಈಗ ಮತ್ತೆ ಮೊದಲಿನಿಂದ ನೋಡುತ್ತಿದ್ದೇನೆ.