ಗ್ಯಾಸಿಗೆ ಹಾಕಿದರೆ ಮಾತ್ರ ಢಂ ಅನ್ನುವ ಓಮ್ನಿ

ಗಾಡಿಗೆ ಏನೇ ಆಗಿರಲಿ, ಮೊದಲು ಎಂಜಿನ್ ಕಂಪ್ಯೂಟರಿನ ದೋಷ ಓದೋ ಸ್ಕ್ಯಾನರ್ ಹಾಕಿ, ದೋಷದ ಕೋಡ್ ಬಂದರೆ ಮಾತ್ರ ಜಾಬ್ ಕಾರ್ಡಿಗೆ ಏರಿಸಿ ಅನ್ನೋದು ನಮ್ಮ ಗ್ಯಾರೇಜಿನ ಮ್ಯಾನೇಜರ್ ಸಾಹೇಬರ ಹೊಸ ಕಾನೂನು. ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತೋ ತೋಳಿಗೂ ನಡುವಿನ ಸಣ್ಣ ಸಂದು) ಸ್ಕ್ಯಾನರಿನಲ್ಲಿ ಕಾಣಲ್ಲ ಸಾರ್ ಅಂದರೆ ಮುಖ ಊದಿಸಿಕೊಳ್ಳುತ್ತಾರೆ.

ಬಂದದ್ದು ಶಾಲೆ ಮಕ್ಕಳ ಎಂಪಿಐ (ಸಿಲಿಂಡರಿಗೊಂದು ಪೆಟ್ರೋಲ್ ಇಂಜೆಕ್ಟರ್ ಇರೋ) ಓಮ್ನಿ, ಗಾಳಿಯ ದಾರಿಯಲ್ಲೇ ಗ್ಯಾಸ್ ಬೆರೆಸೋ ಮಿಕ್ಸರ್ ಇರೋ ಹಳೇ ಎಲ್‌ಪಿಜಿ ಕಿಟ್. ಪೆಟ್ರೋಲಲ್ಲಿ ಸರಿ, ಐಡ್ಲಿಂಗಲ್ಲಿ ಚೂರು ನಡುಕ ಅಷ್ಟೇ. ಗ್ಯಾಸಿಗೆ ಹಾಕಿದರೆ ಎಂಜಿನ್ ಇರೋ ಸೀಟಿನಡಿ ಪಟಾಕಿ. ಕೋಡ್ ಇಲ್ಲ. ಗ್ಯಾಸಲ್ಲಿ ಮಾತ್ರ ಅಂದಮೇಲೆ ಕಿಟ್ಟೇ ಕಳ್ಳ ಅಂತ ಗ್ಯಾಸಿನ ಪ್ರೆಶರ್ ಇಳಿಸೋ ರೆಡ್ಯೂಸರ್ ಬಿಚ್ಚಿ ಕೂತೆ. ಅದರೊಳಗಿನ ಡಯಾಫ್ರಾಂ ಚೆನ್ನಾಗಿತ್ತು. ಪ್ಲಗ್ ಗ್ಯಾಪ್ ಇಳಿಸಿದೆ, ಎಚ್‌ಟಿ ಕೇಬಲ್ (ಪ್ಲಗ್ಗಿಗೆ ಕರೆಂಟ್ ಒಯ್ಯೋ ವೈರ್) ಬದಲಿಸಿದೆ. ಸಾಲದ್ದಕ್ಕೆ "ಟ್ಯಾಪೆಟ್ ಸದ್ದೇ ಇಲ್ವಲ್ಲಪ್ಪ, ಚೆನ್ನಾಗಿ ಇಟ್ಟಿದ್ದೀಯ" ಅಂತ ಡ್ರೈವರಿಗೆ ಶಹಬ್ಬಾಸ್ ಬೇರೆ. ಆ ಸದ್ದಿಲ್ಲದ್ದೇ ರೋಗ.

ಸೀಟು ಎತ್ತಿ, ಹುಡುಗನಿಗೆ ಸೆಲ್ಫ್ ಹೊಡಿ ಅಂದೆ. ಢಂ! ಏರ್ ಫಿಲ್ಟರ್ ಡಬ್ಬಿ ಮುಚ್ಚಳ ಹಾರಿ ರೂಫಿಗೆ ಬಡಿಯಿತು. ಎಂಜಿನ್ನಿಗೆ ಗಾಳಿ ಹೋಗೋ ಥ್ರಾಟಲ್ ಬಾಯಿಂದ ಒಂದು ನೀಲಿ ನಾಲಗೆ ಚಾಚಿ ಒಳಗೆ ಹೋಯಿತು, ಪಕ್ಕದ ಪೆಟ್ರೋಲ್ ಬಟ್ಟೆ ಹತ್ತಿಕೊಂಡಿತು. ಹುಡುಗ ಹೆದರಿ ಕೀ ತಿರುಗಿಸಿಕೊಂಡೇ ಕೂತಿದ್ದ. "ಬಿಡೋ ಕೀನ!" ಅಂತ ಕಿರುಚುತ್ತಾ ಹಿಂದಿನ ಡೋರಿಗೆ ಓಡಿ ಟ್ಯಾಂಕ್ ವಾಲ್ವ್ ಬಂದ್ ಮಾಡಿದೆ. ಬಟ್ಟೆಯನ್ನು ಡ್ರೈವರ್ ಎಳೆದುಹಾಕಿ ತುಳಿದ. ಬೆಂಕಿ ಆರಿಸೋ ಸಿಲಿಂಡರ್? ಕಳುವಾಗುತ್ತೆ ಅಂತ ಮ್ಯಾನೇಜರ್ ಕ್ಯಾಬಿನ್ನಿನಲ್ಲಿ, ಬೀಗದೊಳಗೆ.

ಎಂಜಿನ್ ತಣ್ಣಗಾದ ಮೇಲೆ ಕವರ್ ಬಿಚ್ಚಿದರೆ ಎರಡನೇ ಸಿಲಿಂಡರಿನ ಇನ್ಲೆಟ್‌ಗೆ ಸಂದು ಅಳೆಯೋ ತೀರಾ ತೆಳು ಫೀಲರ್ ತಗಡು ಕೂಡ ಹೋಗಲಿಲ್ಲ. ಗ್ಯಾಸ್ ಒಣ ಇಂಧನ, ಪೆಟ್ರೋಲಿನ ಹಾಗೆ ವಾಲ್ವಿಗೆ ತೇವ ಕೊಡಲ್ಲ. ವಾಲ್ವ್ ಕೂರೋ ಸೀಟ್ ಸವೆದು, ವಾಲ್ವ್ ಮೇಲೆ ಸರಿದು ಗ್ಯಾಪ್ ತಿಂದುಹಾಕಿತ್ತು, ಸದ್ದಿಲ್ಲದ್ದು ಅದಕ್ಕೇ. ವಾಲ್ವ್ ಪೂರ್ತಿ ಮುಚ್ಚದೆ ಉರಿ ಮ್ಯಾನಿಫೋಲ್ಡಿಗೆ, ಅಂದರೆ ಸಿಲಿಂಡರಿಗೆ ಗಾಳಿ ತರೋ ಪೈಪಿಗೆ, ನುಗ್ಗುತ್ತಿತ್ತು. ಪೆಟ್ರೋಲಲ್ಲೂ ನುಗ್ಗುತ್ತಿತ್ತು, ಆದರೆ ಎಂಪಿಐನಲ್ಲಿ ಪೆಟ್ರೋಲ್ ಬೀಳೋದು ವಾಲ್ವಿನ ಬುಡದಲ್ಲಿ, ಮಿಕ್ಕ ಮ್ಯಾನಿಫೋಲ್ಡಿನಲ್ಲಿ ಹೆಚ್ಚೂಕಮ್ಮಿ ಬರೀ ಗಾಳಿ. ಮಿಕ್ಸರ್ ಕಿಟ್ಟಿನಲ್ಲಿ ಮ್ಯಾನಿಫೋಲ್ಡ್ ಪೂರ್ತಿ ಗ್ಯಾಸು-ಗಾಳಿ ತುಂಬಿರುತ್ತೆ. ಹೊಡೆಯದೆ ಇನ್ನೇನು?

ಸೈಲೆನ್ಸರಿನಲ್ಲಿ ಹೊಡೆಯೋದು ಬೇರೆ ಕಥೆ. ಅದು ಉರಿಯದ ಪೆಟ್ರೋಲ್ ಬಿಸಿ ಪೈಪಿಗೆ ಹೋಗಿ ಹತ್ತಿಕೊಳ್ಳೋದು. ಚಾರ್ಮಾಡಿ ಘಾಟಿ ಇಳಿಯುವಾಗ ಗೇರಲ್ಲೇ ಕೀ ಆಫ್ ಮಾಡಿ, ಕೆಳಗೆ ಬಂದು ಆನ್ ಮಾಡೋ ಕಾರ್ಬ್ಯುರೇಟರ್ ಗಾಡಿಯ ಡ್ರೈವರುಗಳು ಸೈಲೆನ್ಸರ್ ಒಡೆಸಿಕೊಂಡು ಬರುತ್ತಿದ್ದರು. ಅಲ್ಲಿ ಟ್ಯಾಪೆಟ್ ಹುಡುಕಿ ಪ್ರಯೋಜನವಿಲ್ಲ.

ಓಮ್ನಿಗೆ ಗ್ಯಾಪ್ 0.15 ಮಿ.ಮೀ.ಗೆ ಕೂರಿಸಿದೆ, ಢಂ ನಿಂತಿತು. ಹೆಡ್ ಬಿಚ್ಚಿ ವಾಲ್ವ್ ಸೀಟ್ ಸರಿಮಾಡೋ ಕೆಲಸ ಬಂದೇ ಬರುತ್ತೆ ಅಂತ ಓನರಿಗೂ ಹೇಳಿದ್ದೇನೆ. "ಅಣ್ಣ, ಈಗ ಟಕಟಕ ಸದ್ದು ಬರ್ತಿದೆ" ಅಂತ ಡ್ರೈವರನ ತಕರಾರು. ಕೋಡ್ ಇಲ್ಲದ ಕೆಲಸವಲ್ಲವೇ, ಸಾಹೇಬರು ಬಿಲ್ಲಿನಲ್ಲಿ ವಾಟರ್ ವಾಷ್ ಅಂತ ಬರೆಸಿದರು.