ಗ್ವಾಟೆಮಾಲದಲ್ಲಿ ಕೇಸು ಬೀಳುವುದು ಎಲ್ಲಿ

ಹಫ್ತಾ ಅಂದರೇನೆಂದು ಮುಂಬಯಿಯ ನಮ್ಮವರಿಗೆ ಹೇಳಿಕೊಡಬೇಕಿಲ್ಲ. ತೊಂಬತ್ತರ ದಶಕದಲ್ಲಿ ಹೋಟೆಲ್ ಗಲ್ಲಾದ ಫೋನ್ ರಿಂಗಾದರೆ ಧಣಿಗಳ ಎದೆ ಧಸಕ್ಕೆನ್ನುತ್ತಿತ್ತು. ಮಧ್ಯ ಅಮೆರಿಕದ ಗ್ವಾಟೆಮಾಲದ ರಾಜಧಾನಿ ಗ್ವಾಟೆಮಾಲ ಸಿಟಿಯಲ್ಲಿ ಫೋನು ಬಸ್ ಮಾಲೀಕನಿಗೆ, ಗುಂಡು ಡ್ರೈವರಿಗೆ.

ಅಮೆರಿಕದ ಹಳೇ ಸ್ಕೂಲ್ ಬಸ್ಸುಗಳಿಗೆ ಬಣ್ಣ ಬಳಿದು ಅಲ್ಲಿ ಓಡಿಸುತ್ತಾರೆ. ಒಬ್ಬ ಹುಡುಗ ಹತ್ತುತ್ತಾನೆ, ಡ್ರೈವರ್ ಕೈಗೆ ಅಗ್ಗದ ಮೊಬೈಲೊಂದನ್ನು ತುರುಕಿ, ಮಾಲೀಕನಿಗೆ ಕೊಡು ಅಂತ ಹೇಳಿ ಇಳಿದುಬಿಡುತ್ತಾನೆ. ಅದಕ್ಕೆ ಕರೆ ಬರುವುದು ಎಷ್ಟೋ ಸಲ ಜೈಲಿನೊಳಗಿಂದ. ವಾರದ ದುಡ್ಡು ತಪ್ಪಿದರೆ ಆ ರೂಟಿನ ಯಾವುದೋ ಒಬ್ಬ ಡ್ರೈವರ್ ಸಾಯುತ್ತಾನೆ. ಗುಂಡು ಹೊಡೆದವನಿಗೆ ಹಲವು ಸಲ ಹದಿನೆಂಟೂ ತುಂಬಿರುವುದಿಲ್ಲ, ಹಣ ಒಯ್ಯುವವರು ಬೇರೆ, ಹೇಳಿ ಮಾಡಿಸಿದವನು ಆಗಲೇ ಕಂಬಿ ಎಣಿಸುತ್ತಿದ್ದಾನೆ. ಕಣ್ಣಾರೆ ಕಂಡ ಪ್ರಯಾಣಿಕ ನಾಳೆಯೂ ಅದೇ ಬಸ್ ಹತ್ತಬೇಕಲ್ಲ, ಬಾಯಿ ಬಿಡುವನೇ? ಸಾಕ್ಷಿಯ ಬಾಯೊಂದನ್ನೇ ನೆಚ್ಚಿದ ಕೇಸು ಅಲ್ಲಿಗೇ ಬಿತ್ತು.

2007ರಲ್ಲಿ ಕೆಲಸ ಶುರುಮಾಡಿದ, ತಪ್ಪಿತಸ್ಥರು ಶಿಕ್ಷೆಯಿಂದ ಜಾರಿಕೊಳ್ಳುವುದನ್ನು ತಡೆಯಲು ಹುಟ್ಟಿದ, ವಿಶ್ವಸಂಸ್ಥೆ ಬೆಂಬಲದ ಸಿಐಸಿಐಜಿ ಆಯೋಗ ಅಲ್ಲಿನ ಪ್ರಾಸಿಕ್ಯೂಟರುಗಳಿಗೆ ಫೋನ್ ದಾಖಲೆಗಳನ್ನು ಕೆದಕಲು ಹೇಳಿಕೊಟ್ಟಿತು. 2009ರ ಮೇ 10ರಂದು ವಕೀಲ ರೊಡ್ರಿಗೊ ರೋಸೆನ್‌ಬರ್ಗ್ ಸೈಕಲ್ ತುಳಿಯಲು ಹೋದಾಗ ಕೊಲೆಯಾದರು. ತಾನು ಸತ್ತರೆ ಅಧ್ಯಕ್ಷ ಅಲ್ವಾರೊ ಕೊಲೊಮ್ ಅವರೇ ಹೊಣೆ ಎಂದು ಅವರು ಮೊದಲೇ ಮಾಡಿಟ್ಟಿದ್ದ ವಿಡಿಯೊ ಮರುದಿನ ಹೊರಬಿದ್ದು ಸರ್ಕಾರ ಅಲ್ಲಾಡಿತು. ತನಿಖೆ ಹಿಡಿದದ್ದು ಎರಡು ಮೊಬೈಲ್‌ಗಳ ಜಾಡು. ಎರಡನ್ನೂ ಕೊಂಡುತಂದವನು ರೋಸೆನ್‌ಬರ್ಗರ ಕಾರಿನ ಚಾಲಕ! ಅವರಿಗೆ ಬಂದ ಬೆದರಿಕೆ ಕರೆಗಳು ಅದರಲ್ಲೊಂದರಿಂದಲೇ. ತಮ್ಮ ಕೊಲೆಗೆ ಸುಪಾರಿ ಕೊಡಿಸಿದ್ದು ಅವರೇ ಎಂದು 2010ರ ಜನವರಿಯಲ್ಲಿ ಆಯೋಗ ಹೇಳಿತು. ಕಣ್ಣಾರೆ ಕಂಡವರನ್ನು ಎಷ್ಟು ಕೇಳಿದರೂ ಇದು ಹೊರಬರುತ್ತಿರಲಿಲ್ಲ.

ಸಾಕ್ಷ್ಯ ಸಿಕ್ಕ ಮೇಲೂ ಕೇಸು ಜಾರುವ ಜಾಗವೊಂದಿದೆ: ಅಂಪಾರೊ. ಹಕ್ಕಿಗೆ ಧಕ್ಕೆಯಾಯಿತು ಎಂದು ಹಾಕುವ ಅರ್ಜಿ, ಹೆಚ್ಚುಕಡಿಮೆ ನಮ್ಮ ರಿಟ್ ಇದ್ದ ಹಾಗೆ. ಒಳ್ಳೆಯ ಕಾನೂನೇ, ಆದರೆ ದುಡ್ಡಿದ್ದವರ ವಕೀಲರು ಹೆಜ್ಜೆಗೊಂದು ಜಡಿಯುತ್ತಾರೆ, ವರ್ಷಗಳು ಉರುಳುತ್ತವೆ. ಮಾಯಾ ಮೂಲನಿವಾಸಿಗಳ ನರಮೇಧದ ಕೇಸಿನಲ್ಲಿ ಮಾಜಿ ಸರ್ವಾಧಿಕಾರಿ ರಿಯೊಸ್ ಮಾಂಟ್‌ಗೆ 2013ರ ಮೇ 10ರಂದು 80 ವರ್ಷ ಜೈಲಾಯಿತು. ಹತ್ತೇ ದಿನಕ್ಕೆ ಸಂವಿಧಾನ ನ್ಯಾಯಾಲಯ ತೀರ್ಪನ್ನು ರದ್ದು ಮಾಡಿತು. 2018ರಲ್ಲಿ ಆತ ಸತ್ತಾಗಲೂ ಮರುವಿಚಾರಣೆ ಮುಗಿದಿರಲಿಲ್ಲ.

ಕದ್ದಾಲಿಸಿದ ಕರೆಗಳಿಂದ ಹೊರಬಂದ ಸುಂಕದ ಹಗರಣ 2015ರಲ್ಲಿ ಅಧ್ಯಕ್ಷ ಒಟ್ಟೊ ಪೆರೆಸ್ ಮೊಲಿನಾ ಅವರನ್ನೇ ಕುರ್ಚಿಯಿಂದ ಇಳಿಸಿತು. ಮುಂದಿನ ಸರ್ಕಾರ ಆಯೋಗದ ಅವಧಿ ಮುಂದುವರಿಸಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಅದು ಬಾಗಿಲು ಮುಚ್ಚಿತು. ಅದರ ಜತೆ ದುಡಿದ ಪ್ರಾಸಿಕ್ಯೂಟರ್ ಹುವಾನ್ ಫ್ರಾನ್ಸಿಸ್ಕೊ ಸಾಂಡೊವಲ್ 2021ರ ಜುಲೈಯಲ್ಲಿ ವಜಾ ಆದರು. ಕೆಲವೇ ಗಂಟೆಗಳಲ್ಲಿ ಗಡಿ ದಾಟಿ ಎಲ್ ಸಾಲ್ವಡಾರ್ ಸೇರಿದ್ದರು.